ರಸ್ತೆಗೆ ಬೆನ್ನು ಮಾಡಿ ಕೂತವರು

ಜೇವರ್ಗಿಯ ಉಸ್ತಾದರು ತೀರಿಕೊಂಡರೆಂದು ಸಾಯಬಣ್ಣ ಫೋನಿನಲ್ಲಿ ಹೇಳಿದಾಗ ನನ್ನ ಬಾಯಿಂದ ಮೊದಲು ಹೊರಟದ್ದು ಅಯ್ಯೋ ಪಾಪ ಅನ್ನುವ ಮಾತಲ್ಲ. “ಹಂಗಾರ ಹೇಳಲಾರದೇ ಹೋಗಿಬಿಟ್ರಲ್ಲೋ!” ಅಂದೆ.  ಅವರು ಏನನ್ನು ಹೇಳದೆ ಹೋದರು ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ಅದು ಅವನದೇ ವಿಷಯ.

ಸಾಯಬಣ್ಣ ನಮ್ಮ ಲಾರಿಯ ಡ್ರೈವರ್. ಅಪ್ಪನ ಕಾಲದಿಂದ ಇದ್ದಾನೆ. ಅಪ್ಪನಿಗೆ ನಾನೊಬ್ಬಳೇ ಮಗಳು. ಅಪ್ಪ ಹೋದ ಮೇಲೆ ಎರಡೂ ಲಾರಿ ನನ್ನ ಕೊರಳಿಗೆ ಬಿದ್ದವು. ನಮ್ಮ ಯಜಮಾನರು ಶಾಲೆ ಮಾಸ್ತರರು, ಲಾರಿಯ ಹಾರ್ನ್ ಕೇಳಿದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವವರು. ಹೀಗಾಗಿ ಆಳಂದದಿಂದ ತೊಗರಿ ಸಾಗಿಸುವುದು, ಅಫಜಲಪುರದ ಕಡೆ ಕಬ್ಬು ಹೊಡೆಸುವುದು, ಟೈರು, ಪರ್ಮಿಟ್ಟು, ಡ್ರೈವರುಗಳ ಜಗಳ ಎಲ್ಲ ನನ್ನದೇ. ನಾನು ಗಟ್ಟಿ ಗಂಟಲಿನ ಹೆಂಗಸು, ನಡೆಸಿಕೊಂಡು ಬಂದಿದ್ದೇನೆ.

ಎಂಜಿನ್ ಕೆಲಸಕ್ಕೆ ಮಾತ್ರ ಜೇವರ್ಗಿಯ ಉಸ್ತಾದರ ಗ್ಯಾರೇಜಿಗೇ ಹೋಗಬೇಕೆಂಬುದು ಅಪ್ಪ ಹಾಕಿಕೊಟ್ಟ ಪದ್ಧತಿ. ನಡುವೆ ಕಲಬುರಗಿಯಂಥ ಊರಿದೆ, ಹೆಜ್ಜೆಗೊಂದು ಗ್ಯಾರೇಜಿದೆ, ಆದರೂ ಅದನ್ನೆಲ್ಲ ದಾಟಿ ಜೇವರ್ಗಿ! ಯಾಕೆ ಎಂದು ಕೇಳಿದರೆ ಅಪ್ಪ, “ಅಂವಾ ಸುಳ್ಳ ಹೇಳಂಗಿಲ್ಲ” ಅಂದಿದ್ದರು. ಸುಳ್ಳು ಹೇಳುವುದಿಲ್ಲ, ಒಪ್ಪಿದೆ. ಆದರೆ ನಿಜವನ್ನಾದರೂ ಹೇಳಬೇಕೋ ಬೇಡವೋ? ನಾವು ಎಂಜಿನ್ನಿಗೆ ಏನಾಗಿದೆ ಎಂದು ಕೇಳಿದರೆ ಉಸ್ತಾದರು ಮೂಗಿನ ಮೇಲೆ ಜಾರಿದ ಕನ್ನಡಕವನ್ನು ಮೊಣಕೈಯಿಂದ ಮೇಲೇರಿಸಿ, “ಸಮಜ್ ಆಗವಲ್ದ್ರಿ ಅಕ್ಕಾರ” ಅನ್ನುತ್ತಿದ್ದರು. ತಿಳಿಯುತ್ತಿಲ್ಲ, ಅಷ್ಟೇ. ಉಳಿದ ಮಿಸ್ತ್ರಿಗಳು ಗಾಡಿ ಗೇಟಿನೊಳಗೆ ಬರುವ ಮೊದಲೇ ರೋಗ ಹೇಳಿಬಿಡುತ್ತಾರೆ. ಇವರು ಗಾಡಿ ಬಂದು ನಿಂತು, ಎರಡು ಚಹಾ ಆಗಿ, ನನ್ನ ತಲೆ ಕಾದು ಹಂಚಾದ ಮೇಲೂ ಅದೇ ಮಾತು.

ಉದ್ದನೆಯ ತೆಳ್ಳಗಿನ ಆಳು. ತಲೆಯ ಮೇಲಿನ ಟೋಪಿ ಒಂದು ಕಾಲಕ್ಕೆ ಬಿಳಿ ಇದ್ದಿರಬೇಕು. ಬಲಗೈ ಹೆಬ್ಬೆರಳಿನ ಉಗುರೊಂದನ್ನು ಮಾತ್ರ ಉದ್ದ ಬಿಟ್ಟಿದ್ದರು. ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಆಡುವ ಕೊಳವೆ ಇರುತ್ತದಲ್ಲ, ಲೈನರ್ ಅನ್ನುತ್ತಾರೆ, ಅದರ ಒಳಮೈಗೆ ಆ ಉಗುರು ಎಳೆದು ಎಷ್ಟು ಸವೆದಿದೆ ಅಂತ ನೋಡುತ್ತಿದ್ದರು. ನೋಡಿ ಸುಮ್ಮನಾಗುವವರಲ್ಲ. “ನೀವೂ ಉಗುರ ಎಳದ ನೋಡ್ರಿ ಅಕ್ಕಾರ” ಎಂದು ನನ್ನನ್ನೂ ಬಗ್ಗಿಸುತ್ತಿದ್ದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಲಾರಿಯ ಬಂಪರ್ ಹತ್ತಿ ನಾನು ಲೈನರಿನೊಳಗೆ ಕೈ ಹಾಕಿದ್ದನ್ನು ಜೇವರ್ಗಿಯ ಬಸ್‌ಸ್ಟ್ಯಾಂಡಿನ ಜನ ಎಷ್ಟು ಸಲ ನೋಡಿ ನಕ್ಕಿದ್ದಾರೋ ಶಿವನೇ ಬಲ್ಲ. ಎಂಜಿನ್ನಿನ ಸದ್ದಿಗೆ ಕಿವಿ ಕೊಡುವಾಗ ನನ್ನ ಬಳೆ ಗಲಗಲ ಅಂದರೆ ಮಾತ್ರ ಸಿಟ್ಟು. “ಬಳಿ ಹಿಡಕೋರಿ, ಬಳಿ ಹಿಡಕೋರಿ!”

ಅವರಿಗೆ ಇನ್ನೊಂದು ಹಟವಿತ್ತು. ಎಂಜಿನ್ ಬಿಚ್ಚಿ ತೆಗೆದ ಸವೆದ ಸಾಮಾನುಗಳನ್ನು ಡೀಸೆಲ್‌ನಲ್ಲಿ ತೊಳೆದು, ಒಣ ಅರಿವೆಯಲ್ಲಿ ಒರೆಸಿ, ಗೋಣಿತಟ್ಟಿನ ಮೇಲೆ ಎಂಜಿನ್ನಿನಲ್ಲಿ ಇದ್ದ ಸಾಲಿನಲ್ಲೇ ಇಡುತ್ತಿದ್ದರು. ಯಾರಾದರೂ ದಾಟಿದರೆ ಕೂಗಾಡುತ್ತಿದ್ದರು. ಮಾಲಕ ಬಂದು ಗೋಣಿಯ ಮುಂದೆ ಕೂತು, ಒಂದೊಂದನ್ನೂ ಕೈಗೆತ್ತಿ ನೋಡುವ ತನಕ ಅವು ಗುಜರಿಗೆ ಹೋಗುತ್ತಿರಲಿಲ್ಲ. ಕೆಟ್ಟುಹೋದ ಕಬ್ಬಿಣ ನೋಡಿ ನಾನೇನು ಮಾಡಲಿ ಎಂದು ಮೊದಲ ಸಲ ರೇಗಿದ್ದೆ.

“ಕೆಟ್ಟಿಲ್ರಿ, ಸವದಾವ. ನಿಮ್ಮ ಸಲುವಾಗಿ ಸವದಾವ. ಮಣ್ಣ ಮಾಡೂದಕ್ಕಿಂತ ಮೊದಲ ಮಾರಿ ನೋಡಂಗಿಲ್ಲೇನ್ರಿ?” ಅಂದರು, ಸತ್ತವರ ಮುಖ ನೋಡಬೇಕು ಅನ್ನುವ ಹಾಗೆ.

ಹಾಗೆಂದು ಇವರನ್ನು ದೊಡ್ಡ ಪವಾಡಪುರುಷ ಎಂದು ತಿಳಿಯಬೇಡಿ. ಅಫಜಲಪುರದ ಕಾಯಿಪಲ್ಲೆ ಟೆಂಪೋ ಒಂದು ಖಡಖಡ ಅನ್ನುತ್ತಿದೆ ಎಂದು ಬಂದಿತ್ತಂತೆ. ಇವರು ಹೆಡ್ ಬಿಚ್ಚಿ, ಕೆಳಗಿನ ಎಣ್ಣೆ ಚೇಂಬರ್ ಬಿಚ್ಚಿ, ಎಲ್ಲ ತೆಗೆದು ಗೋಣಿಯ ಮೇಲಿಟ್ಟರು. ಎಲ್ಲವೂ ಹೊಸದರ ಹಾಗೆ ಹೊಳೆಯುತ್ತಿದ್ದವು. ಮತ್ತೆ ಜೋಡಿಸಿ ಚಾಲೂ ಮಾಡಿದರೆ ಮತ್ತೆ ಖಡಖಡ! ಕೊನೆಗೆ ಸಿಕ್ಕಿದ್ದು ಸೀಟಿನ ಕೆಳಗೆ ಬಿದ್ದಿದ್ದ ಊಟದ ಡಬ್ಬಿಯ ಮುಚ್ಚಳ. ಬೇರೆ ಮಿಸ್ತ್ರಿಯಾಗಿದ್ದರೆ ಮುಚ್ಚಳವನ್ನು ಜೇಬಿಗಿಳಿಸಿ, ಎಂಜಿನ್ ಕೆಲಸ ಆಯಿತು ಅನ್ನುತ್ತಿದ್ದ. ಇವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಬಂದವರಿಗೆಲ್ಲ ತಾವೇ ಕಥೆ ಹೇಳಿದರು.

ಗಾಣಗಾಪುರದ ಪೂಜಾರಿಯೊಬ್ಬರ ಕಾರು ಎಣ್ಣೆ ಕುಡಿಯುತ್ತಿತ್ತು. ಉಸ್ತಾದರು ಎಣ್ಣೆ ಹಾಕುವ ಮುಚ್ಚಳ ತೆಗೆದು, ಬಾಯಿಯ ಮೇಲೆ ಅಂಗೈ ಇಟ್ಟು ಒಳಗಿನ ಗಾಳಿಯ ಒತ್ತು ನೋಡಿದರು, ಅಂಗೈ ಮೂಸಿದರು, ಸಮಜ್ ಆಗವಲ್ದು, ನಾಳೆ ಬರ್ರಿ ಅಂದರು. ಪೂಜಾರಿಗೆ ಸಿಟ್ಟು ಬಂದು ಕಲಬುರಗಿಗೆ ಹೋದರು. ಅಲ್ಲಿಯವರು ನಿಂತ ಕಾಲಲ್ಲಿ ವಾಲ್ವಿನ ಸೀಲು ಹೋಗಿದೆ ಎಂದರು. ಮಜಾ ಏನೆಂದರೆ ಅವರು ಹೇಳಿದ್ದೇ ಸರಿಯಾಗಿತ್ತು! ಸುದ್ದಿ ಕೇಳಿದ ಉಸ್ತಾದರು ಬಸ್ಸು ಹತ್ತಿ ಆ ಗ್ಯಾರೇಜಿಗೆ ಹೋಗಿ, “ಹ್ಯಾಂಗ ತಿಳೀತೋ ತಮ್ಮಾ, ನನಗೂ ಹೇಳಿಕೊಡು” ಎಂದು ಕೇಳಿ ಬಂದರಂತೆ. ಇಂಥ ಮನುಷ್ಯನನ್ನು ಶಾಣ್ಯಾ ಅನ್ನಬೇಕೋ ಹುಚ್ಚ ಅನ್ನಬೇಕೋ, ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ.

ತೀರ ಏನೂ ತಿಳಿಯದಿದ್ದಾಗ ಮಾಡುತ್ತಿದ್ದ ಕೆಲಸವೊಂದಿತ್ತು. ನಮ್ಮ ಹಳೇ ಲಾರಿಗಳಲ್ಲಿ ಎಂಜಿನ್ನು ಕ್ಯಾಬಿನ್ನಿನ ಒಳಗೇ, ಡ್ರೈವರನ ಮಗ್ಗುಲಿಗೆ ಇರುತ್ತದೆ. ಮೇಲಿನ ಮುಚ್ಚಳಕ್ಕೆ ಬಾನೆಟ್ ಅನ್ನುತ್ತಾರೆ, ಗಾದಿ ಹಾಸಿ ಜನರನ್ನೂ ಕೂಡಿಸುತ್ತಾರೆ. ಉಸ್ತಾದರು ಅದರ ಮೇಲೆ ಗೋಣಿಚೀಲ ಹಾಸಿ, ಮುಂದಿನ ಗಾಜಿಗೆ, ರಸ್ತೆಗೆ ಬೆನ್ನು ಮಾಡಿ, ಕಾಲು ಮಡಚಿ ಕೂತುಬಿಡುತ್ತಿದ್ದರು. “ನಡೀ, ಅಂದೋಲಾ ತನಕ ಹೋಗಿ ಬರೂಣು.” ಅಂದೋಲಾದಲ್ಲಿ ಒಂದು ಚಹಾ, ತಿರುಗಿ ಜೇವರ್ಗಿ. ಕಣ್ಣು ಮುಚ್ಚಿಕೊಂಡು ಕುಂಡಿಯಿಂದ ಎಂಜಿನ್ ಕೇಳುತ್ತಾರೆ ಎಂದು ಡ್ರೈವರುಗಳು ನಗುತ್ತಿದ್ದರು. ನಾನೂ ಹಾಗೇ ನಂಬಿದ್ದೆ.

ಈಗ ಸಾಯಬಣ್ಣನ ವಿಷಯಕ್ಕೆ ಬರುತ್ತೇನೆ.

ಕೆಲವು ವರ್ಷದ ಹಿಂದೆ ಅವನ ಲಾರಿಗೆ ಉಸ್ತಾದರ ಕೈಯಿಂದಲೇ ಪೂರಾ ಎಂಜಿನ್ ಕೆಲಸ ಮಾಡಿಸಿದ್ದೆ. ಅದೇ ಕಬ್ಬಿನ ಹಂಗಾಮಿನಲ್ಲಿ, ಗಾಣಗಾಪುರದ ಹತ್ತಿರ, ತುಂಬಿದ ಲೋಡಿನಲ್ಲಿ ಎಂಜಿನ್ನು ಟಕಟಕ ಅನ್ನತೊಡಗಿತು. ಸಾಯಬಣ್ಣ ಅಲ್ಲೇ ಬಂದ್ ಮಾಡಿ ನನಗೆ ಫೋನ್ ಹಚ್ಚಿದ. ಎಳೆಸಿಕೊಂಡು ಜೇವರ್ಗಿಗೆ ಒಯ್ದು ಬಿಚ್ಚಿಸಿದರೆ, ಕ್ರ್ಯಾಂಕಿನ ಒಂದು ಬೇರಿಂಗ್ ಸುಟ್ಟು ಕರಕಲಾಗಿತ್ತು. ತಿರುಗುವ ಕ್ರ್ಯಾಂಕು ಕಬ್ಬಿಣಕ್ಕೆ ಉಜ್ಜದಂತೆ ನಡುವೆ ಬಾಗಿದ ತೆಳು ಹೋಳುಗಳನ್ನು ಕೂಡಿಸಿರುತ್ತಾರೆ, ಕೊಬ್ಬರಿ ಬಟ್ಟಲಿನ ಚೂರಿನ ಹಾಗಿರುತ್ತವೆ, ಅದೇ ಬೇರಿಂಗು. ಎಣ್ಣೆ ಸಿಕ್ಕರೆ ವರ್ಷಗಟ್ಟಲೆ ಬಾಳುತ್ತದೆ. ಸಿಗದಿದ್ದರೆ ಒಂದೇ ಟ್ರಿಪ್ಪಿನಲ್ಲಿ ಸುಟ್ಟುಹೋಗುತ್ತದೆ.

ಮನೆಯಲ್ಲಿ ತೀರ್ಪು ಆಗಲೇ ಆಗಿತ್ತು. ಅಪ್ಪನ ತಮ್ಮ ಕಾಕಾ, ಅವನ ಮಕ್ಕಳು ಎಲ್ಲರದೂ ಒಂದೇ ರಾಗ: ಡ್ರೈವರ್ ಎಣ್ಣೆ ನೋಡದೆ ಹೊಡೆದಿದ್ದಾನೆ, ಇಲ್ಲವೆ ಮಾರಿಕೊಂಡಿದ್ದಾನೆ, ಇವತ್ತೇ ಬಿಡಿಸು. ಸಾಯಬಣ್ಣ ಹೇಳಿದ್ದು ಇಷ್ಟೇ: “ಮುಂಜಾನೆ ಎಣ್ಣಿ ಕಡ್ಡಿ ಎಳದು ನೋಡೀನ್ರಿ ಅಕ್ಕಾರ. ಎಣ್ಣಿ ಪೂರಾ ಇತ್ತು.” ಅಪ್ಪನನ್ನು ಕೊನೆಯ ಸಲ ದವಾಖಾನೆಗೆ ಒಯ್ದವನು ಇವನು. ನಾನು ಹೇಗೆ ಬಿಡಿಸಲಿ? ಹೇಗೆ ಇಟ್ಟುಕೊಳ್ಳಲಿ? ಸೀದಾ ಜೇವರ್ಗಿಗೆ ಹೋದೆ. ಉಸ್ತಾದರ ಮಾತಿನ ಮೇಲೆ ಅವನ ಅನ್ನ ನಿಂತಿತ್ತು.

ಉಸ್ತಾದರು ಗೋಣಿಯ ಮುಂದೆ ಕೂತಿದ್ದರು. ಸುಟ್ಟ ಬೇರಿಂಗು ಕೈಯಲ್ಲಿತ್ತು.

“ಯಾರದು ತಪ್ಪು? ಅದೊಂದು ಹೇಳ್ರಿ ಸಾಕು” ಅಂದೆ.

“ಎಣ್ಣಿ ಕಮ್ಮಿ ಬಿದ್ದಿದ್ರ ಬಾಜೂದ ಬೇರಿಂಗೂ ಸುಡಬೇಕಾಗಿತ್ರಿ. ಅವು ಹೊಸಾವ ಹಂಗ ಅದಾವ. ನಾ ಜೋಡಿಸುವಾಗ ಎಣ್ಣಿ ದಾರ್ಯಾಗ ಕಸ ಬಿಟ್ಟಿದ್ರ ಗೀರ ಬೀಳಬೇಕಾಗಿತ್ತು. ಗೀರಿಲ್ಲ. ಕ್ರ್ಯಾಂಕ್ ಉಜ್ಜಿದ ಮಷೀನಿನವರದು ತಪ್ಪು ಅನ್ನೂಣಂದ್ರ, ಅಳದೀನಿ, ಅಳತಿ ಬರೋಬರ್ ಅದ.”

“ಹಂಗಾರ?”

“ಸಮಜ್ ಆಗವಲ್ದ್ರಿ ಅಕ್ಕಾರ.”

ನನಗೆ ಮೈಯೆಲ್ಲ ಉರಿದುಹೋಯಿತು. ಒಬ್ಬನ ಮರ್ಯಾದೆ ಇದರ ಮೇಲೆ ನಿಂತಿದೆ, ತಿಳಿಯದು ಅಂದರೆ ಹೇಗೆ, ಇಷ್ಟು ವರ್ಷ ಮಾಡಿದ್ದು ಏನು ಕೆಲಸ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಎದ್ದು, ರಿಪೇರಿಗೆ ಬಂದು ನಿಂತಿದ್ದ ಬೇರೆ ಯಾರದೋ ಲಾರಿಯ ಬಾನೆಟ್ ಮೇಲೆ ಗೋಣಿಚೀಲ ಹಾಕಿದರು. ಸಾಯಬಣ್ಣನನ್ನು ಕರೆದು, “ಹೊಡೀ, ಅಂದೋಲಾಕ್ಕ” ಅಂದರು. ಕೆಟ್ಟ ಲಾರಿ ಇಲ್ಲಿ ಹೊಟ್ಟೆ ಬಿಚ್ಚಿಕೊಂಡು ಬಿದ್ದಿದೆ, ಇವರು ಚಂದ ಇರುವ ಲಾರಿಯಲ್ಲಿ ಏನು ಕೇಳಲು ಹೋದರು? ನನಗೆ ತಲೆಬುಡ ತಿಳಿಯಲಿಲ್ಲ. ಗ್ಯಾರೇಜಿನ ಬಾಕಿನ ಮೇಲೆ ಕೂತು ಕಾದೆ.

ತಿರುಗಿ ಬಂದು ಇಳಿದವರು ನನಗೆ ಹೇಳಿದ್ದು, “ಗಾಡಿ ಚಲೋ ಹೊಡೀತಾನ್ರಿ. ಇರ್ಲಿ ಬಿಡ್ರಿ.” ಅಷ್ಟೇ. ಹೊಸ ಬೇರಿಂಗ್ ಹಾಕಿ ಎಂಜಿನ್ ಜೋಡಿಸಿಕೊಟ್ಟರು. ಆ ಎಂಜಿನ್ನು ಮತ್ತೆ ಕೆಮ್ಮಲೂ ಇಲ್ಲ, ಇವತ್ತಿಗೂ ಓಡುತ್ತಿದೆ. ಅದು ಇನ್ನೊಂದು ಒಗಟು.

ಸಾಯಬಣ್ಣನನ್ನು ಇಟ್ಟುಕೊಂಡೆ. ಆದರೆ ಊರಿನ ಬಾಯಿ ಮುಚ್ಚಲಿಲ್ಲ. ಆಳಂದದ ಮಿಸ್ತ್ರಿಯೊಬ್ಬ, ಉಸ್ತಾದರಿಗೆ ಎಲ್ಲ ಗೊತ್ತು, ಡ್ರೈವರನನ್ನು ಉಳಿಸಿದರು ಅಂದ. ಕಾಕಾ, ಅವರದೇ ತಪ್ಪು, ತಮ್ಮನ್ನು ತಾವು ಉಳಿಸಿಕೊಂಡರು ಅಂದ. ನಾನು ಒಂದು ದಿನ ಇದನ್ನು ನಂಬಿದರೆ ಮರುದಿನ ಅದನ್ನು ನಂಬುತ್ತಿದ್ದೆ. ಒಂದು ಮಾತ್ರ ಖಾತ್ರಿ ಇತ್ತು: ಆ ಮನುಷ್ಯನಿಗೆ ಗೊತ್ತಿದೆ, ಹೇಳುತ್ತಿಲ್ಲ. ಆಮೇಲೆ ಸಾಯಬಣ್ಣ ಗಾಡಿ ತೆಗೆಯುವ ಪ್ರತಿ ಮುಂಜಾನೆ ನಾನೇ ಇಳಿದು ಹೋಗಿ, ಎಣ್ಣೆಯ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ನೋಡತೊಡಗಿದೆ. ಮಾಲಕಿ ನಾನು, ನೋಡಬಾರದೇನು? ಅವನು ಪಕ್ಕದಲ್ಲಿ ಟವೆಲು ತಿರುವುತ್ತ ನಿಂತಿರುತ್ತಿದ್ದ. ಕಡ್ಡಿ ವಾಪಸ್ ಹಾಕಿದ ಮೇಲೆ ಹತ್ತಿ ಹೋಗುತ್ತಿದ್ದ. ಒಮ್ಮೆ ಜೇವರ್ಗಿಯಲ್ಲೂ ಹೀಗೆ ಕಡ್ಡಿ ಎಳೆದಾಗ ಉಸ್ತಾದರು ನೋಡಿದರು. “ಕಡ್ಡಿ ಎಣ್ಣಿ ಅಷ್ಟ ತೋರಸ್ತದ್ರಿ ಅಕ್ಕಾರ” ಅಂದರು. ಮತ್ತೇನು ತೋರಿಸಬೇಕಿತ್ತು ಎಂದು ಕೇಳಬೇಕೆನ್ನುವಷ್ಟರಲ್ಲಿ ಯಾರೋ ಕರೆದರು, ಹೋದರು.

ಹೋದ ವಾರ ಸುದ್ದಿ ತಡವಾಗಿ ಬಂತು. ನಾವು ಹೋಗುವಷ್ಟರಲ್ಲಿ ಮಣ್ಣಾಗಿ, ಮೂರನೇ ದಿನದ ಜಿಯಾರತ್ತೂ ಮುಗಿದಿತ್ತು. ಎಲ್ಲರ ಎಂಜಿನ್ನಿನ ಮಾರಿ ತೋರಿಸಿದವರ ಮಾರಿ ನನಗೆ ನೋಡಲು ಸಿಗಲಿಲ್ಲ. 

ಗಂಡಸರೆಲ್ಲ ಹೊರಗೆ ಕೂತಿದ್ದರು, ಸಾಯಬಣ್ಣ ಅವರ ಜೊತೆ ಉಳಿದ. ಉಸ್ತಾದರ ಬೀಬಿ, ಗಂಡ ತೀರಿದ ಮೇಲೆ ಹೊರಗೆ ಬಾರದೆ ಪಾಲಿಸುವ ಇದ್ದತ್ತಿನಲ್ಲಿ, ಒಳಗಿದ್ದರು. ನಾನು ಹೆಂಗಸು, ಒಳಗೆ ಹೋದೆ. ಕೈ ಹಿಡಿದು ಕೂತೆ. ಯಾವ ಊರಿಂದ ಬಂದಿರಿ ಎಂದು ಕೇಳಿದರು. ಆಳಂದ ಅಂದೆ.

“ಆಳಂದದ ಅಕ್ಕಾರು ಅಂದ್ರ ನೀವೇ ಏನ್ರಿ? ಬೇರಿಂಗಿನವರು?”

ಹೌದೆಂದು ತಲೆಯಾಡಿಸಿದೆ. ಅವರು ಎದ್ದು, ಗೂಡಿನಲ್ಲಿದ್ದ ಕನ್ನಡಕದ ಡಬ್ಬಿ ತೆಗೆದರು. ಕನ್ನಡಕದ ಜೊತೆ ಆ ಸುಟ್ಟ ಬೇರಿಂಗಿತ್ತು. ಹಿಡಿದು ಹಿಡಿದು ಅಂಚೆಲ್ಲ ನುಣ್ಣಗಾಗಿತ್ತು.

“ಅಂಗಿ ಕಿಸೇದಾಗೇ ಇರ್ತಿತ್ರಿ. ಊಟಕ್ಕ ಕುಂತಾಗೂ ತೆಗದು ನೋಡಾವ್ರು. ನಾ ಬೈತಿದ್ದೆ, ರೊಟ್ಟಿ ಆರಾಕತ್ತಾವ, ಆ ಕಬ್ಬಣ ಬಿಡ್ರಿ ಅಂತ. ಒಂದ್ ದಿನಾ, ನಂದೇ ಗಲತಿ ನೋಡು ಅನ್ನಾವ್ರು. ಮರುದಿನಾ, ಅಲ್ಲ, ಮಷೀನಿನವರದು ಅನ್ನಾವ್ರು.”

ನಾನು ಅವರ ಕಡೆ ಸರಿದು ಕೂತೆ. “ಡ್ರೈವರಂದು ಅಂತ ಅಂದಿದ್ರೇನ್ರಿ?”

“ಅದನ್ನೂ ಒಂದ್ ದಿನಾ ಅಂದಿದ್ರು. ಆಮ್ಯಾಲ ತಾವೇ ತಲಿ ಅಲ್ಲಾಡಿಸಿ, ಅಲ್ಲ ಅಂದ್ರು. ದವಾಖಾನ್ಯಾಗೂ ಕೇಳಿ ತರಿಸಿಕೊಂಡ್ರು. ಹಿಂಗ ತಿರುವಿ ತಿರುವಿ ನೋಡಿ, ‘ಆಳಂದದ ಅಕ್ಕಾರಿಗೆ ಏನ್ ಹೇಳ್ಲಿ, ಇನ್ನಾ ಸಮಜ್ ಆಗವಲ್ದು’ ಅಂದ್ರು. ನಿಮ್ಮದೇ ಅಲ್ಲೇನ್ರಿ ಇದು, ತಗೋರಿ.”

ಅವರಿಗೆ ಗೊತ್ತಿರಲಿಲ್ಲ! ಇಷ್ಟು ವರ್ಷ ನಾನು ಬೈದುಕೊಂಡದ್ದು, ಅವರು ಮುಚ್ಚಿಟ್ಟಿದ್ದಾರೆ ಅಂದುಕೊಂಡದ್ದು ಎಲ್ಲ ಗಾಳಿಗೆ ಹೋಯಿತು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದದ್ದನ್ನು ನಾನೂ ನಂಬಲಿಲ್ಲ, ಬೇರೆ ಯಾರೂ ನಂಬಲಿಲ್ಲ. ಸಮಾಧಾನವಾಯಿತೋ ಇನ್ನಷ್ಟು ಗೊಂದಲವಾಯಿತೋ ಹೇಳಲಾರೆ. ಬೀಬಿಯ ಭುಜಕ್ಕೆ ತಲೆ ಇಟ್ಟು ಅತ್ತೆ. ಅವರೂ ಅತ್ತರು.

ಲಾರಿಯಲ್ಲೇ ಹೋಗಿದ್ದೆವು, ತಿರುಗುವಾಗ ಸಾಯಬಣ್ಣ ಕಲಬುರಗಿ ರಸ್ತೆಗೆ ಹೊರಳಿಸುವವನಿದ್ದ. “ಅಂದೋಲಾ ಕಡೆ ತಿರುವು” ಅಂದೆ. ತಿರುವಿದ. ನಾನು ಸೀಟಿನಿಂದ ಎದ್ದು, ಸೆರಗು ಸಿಕ್ಕಿಸಿ, ಬಾನೆಟ್ ಮೇಲೆ ರಸ್ತೆಗೆ ಬೆನ್ನು ಮಾಡಿ ಕೂತೆ. ಕೆಳಗಿನಿಂದ ಬಿಸಿ ಏರತೊಡಗಿತು. ಬಳೆ ಒತ್ತಿ ಹಿಡಿದುಕೊಂಡೆ. ಎಂಜಿನ್ನಿನ ಸದ್ದು ಬರೀ ಸದ್ದಾಗಿತ್ತು, ನನಗೆ ಅದರಲ್ಲಿ ಏನೂ ತಿಳಿಯಲಿಲ್ಲ. ಆದರೆ ಅಲ್ಲಿ ಹಾಗೆ ಕೂತರೆ ಎದುರಿಗೆ ಕಾಣುವುದು ಒಂದೇ, ಡ್ರೈವರನ ಮಾರಿ. ಒಂದು ಮೊಳ ದೂರದಲ್ಲಿ ಸಾಯಬಣ್ಣನ ಮಾರಿ. ನರೆತ ಮೀಸೆ, ಕಣ್ಣಿನ ಕೆಳಗೆ ಮಡಿಕೆ ಬಿದ್ದ ಚರ್ಮ. ಇಷ್ಟು ವರ್ಷದಲ್ಲಿ ನಾನು ಅವನನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

“ಆವತ್ತ ಉಸ್ತಾದ್ರು ಕಣ್ಣ ಮುಚ್ಚಿಕೊಂಡಿದ್ರೇನೋ?” ಎಂದು ಕೇಳಿದೆ.

“ಇಲ್ರಿ. ತೆರದೇ ಇದ್ವು. ಹೋಗಿ ಬರೂತನಾ ನನ್ನ ಮಾರಿನೇ ನೋಡಾಕತ್ತಿದ್ರು.”

“ಏನರ ಕೇಳಿದ್ರೇನು?”

“ಏನೂ ಕೇಳ್ಲಿಲ್ಲ. ನನಗ ಅಳು ತಡೀಲಿಲ್ರಿ ಅಕ್ಕಾರ. ಗಾಡಿ ಹೊಡಕೋತನೇ ಅತ್ತೆ.”

 “ಅದಕ್ಕ ಅವರೇನಂದ್ರು?”

“ಮುಂದ ತೆಗ್ಗ ಅದ, ಗೇರ್ ಇಳಸು ಅಂದ್ರು.”

“ರಸ್ತಾಕ್ಕ ಬೆನ್ನ ಮಾಡಿ ಕುಂತವರಿಗೆ ತೆಗ್ಗ ಹ್ಯಾಂಗ ಕಾಣ್ತೋ?”

ಸಾಯಬಣ್ಣ ರಸ್ತೆಯ ಮೇಲಿನ ಕಣ್ಣು ಕೀಳದೆ, “ಅದು ನನಗೂ ಇನ್ನಾ ಸಮಜ್ ಆಗವಲ್ದ್ರಿ” ಅಂದ. ಇಬ್ಬರಿಗೂ ನಗು ಬಂತು. ಅದು ನಗುವೋ ಏನೋ, ಅಂದೋಲಾದ ಚಹಾದಂಗಡಿ ಬರುವ ತನಕ ಇಬ್ಬರೂ ಮೂಗು ಒರೆಸಿಕೊಳ್ಳುತ್ತಲೇ ಇದ್ದೆವು.

ಮರುದಿನ ಮುಂಜಾನೆ ತೊಗರಿ ಲೋಡಿತ್ತು. ಗಾಡಿ ಬಾಗಿಲ ಮುಂದೆ ಬಂದು ನಿಂತದ್ದು ಕೇಳಿಸಿತು. ನಾನು ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದೆ. ಇಳಿಯಲಿಲ್ಲ. ಸಾಯಬಣ್ಣ ಟವೆಲು ತಿರುವುತ್ತ ಕಾದ. ಮತ್ತೂ ಕಾದ. ಕೊನೆಗೆ ತಾನೇ ಕಡ್ಡಿ ಎಳೆದು, ಎಣ್ಣೆ ಇಳಿಯದಂತೆ ಅಡ್ಡ ಹಿಡಿದುಕೊಂಡು ನನ್ನ ತನಕ ಬಂದ.

“ನೋಡ್ರಿ ಅಕ್ಕಾರ.”

“ನೀ ನೋಡಿದೆಲ್ಲೋ?”

“ನೋಡೀನ್ರಿ.”

“ಮತ್ತ ನಡೀ, ಹೊತ್ತಾಗತದ” ಅಂದೆ.